ಮಂಡಿ ಸವೆಸಿದ್ದು ನಾನಾ?

ಫೌಜಿಗಳ ಬಾಯಲ್ಲಿ 'ನಾನಾ' ಅಂತ ಒಂದು ಪದ ಓಡಾಡುತ್ತದೆ. 'ನೈದರ್ ಆಟ್ರಿಬ್ಯೂಟಬಲ್ ನಾರ್ ಆಗ್ರವೇಟೆಡ್' ಎಂಬುದರ ಗಿಡ್ಡ ರೂಪ. ಅಂದರೆ, ಕಾಯಿಲೆ ಸೇನೆಯ ಸೇವೆಯಿಂದ ಬಂದದ್ದೂ ಅಲ್ಲ, ಸೇವೆಯಿಂದ ಜಾಸ್ತಿಯಾದದ್ದೂ ಅಲ್ಲ. ವೈದ್ಯಕೀಯ ಮಂಡಳಿ ಹೀಗೆ ಗೀಚಿದರೆ ಅಂಗವೈಕಲ್ಯ ಪಿಂಚಣಿಗೆ ಎಳ್ಳುನೀರು. ನನಗೇನೋ ಅದು ಕನ್ನಡದಲ್ಲೇ ಕೇಳಿಸುತ್ತದೆ. ಸರ್ಕಾರ ಎದೆ ಮುಟ್ಟಿಕೊಂಡು "ನಾನಾ?" ಅಂದ ಹಾಗೆ.

ಪ್ಯಾರಾ ಕಮಾಂಡೊ ಒಬ್ಬರನ್ನೇ ತಗೊಳ್ಳಿ. ಸೇರುವಾಗ ಎದೆ ಅಳೆದು, ಹಲ್ಲು ಎಣಿಸಿ, ನಿಂತರೆ ಮಂಡಿಗೆ ಮಂಡಿ ತಾಗುತ್ತದಾ ಅಂತಲೂ ನೋಡಿದರು. ಆಗ್ರಾದಲ್ಲಿ ವಿಮಾನದಿಂದ 5 ಸಲ ಹಾರಿಸಿ ಎದೆಗೆ ರೆಕ್ಕೆಯ ಬಿಲ್ಲೆ ಹಾಕಿದರು. ಆಮೇಲೆ ವರ್ಷಗಟ್ಟಲೆ ಬೆನ್ನಿಗೆ ಮೂಟೆ, ಕಿವಿ ಪಕ್ಕ ಸ್ಫೋಟ. ನಿವೃತ್ತಿ ಹೊತ್ತಿಗೆ ಮಂಡಿ, ಸೊಂಟ, ಕಿವಿ ಮೂರೂ ಕೈಕೊಟ್ಟಿವೆ. ಏನು ಕಾರಣ? ಮಂಡಳಿಯನ್ನು ಕೇಳಿದರೆ, ವಂಶದಲ್ಲೇ ಇರಬೇಕು. ಅಜ್ಜಿಗೂ ಮಂಡಿನೋವಿತ್ತಂತೆ. ಪಾಪ, ಅಜ್ಜಿ ಯಾವ ವಿಮಾನದಿಂದ ಹಾರಿದ್ದರೋ!

2013ರಲ್ಲಿ ಧರಂವೀರ್ ಸಿಂಗ್ ಎಂಬ ಫೌಜಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಿಡಿಸಿ ಹೇಳಿತು. ಸೇರುವಾಗ ದಾಖಲೆಯಲ್ಲಿ ಬರೆದಿಲ್ಲದ ಕಾಯಿಲೆ ಸೇವೆಯಿಂದಲೇ ಬಂತು ಅಂತ ತಿಳಿಯಬೇಕು, ಅಲ್ಲ ಅನ್ನುವವರೇ ಸಾಬೀತು ಮಾಡಬೇಕು. ಆದರೂ ಸರ್ಕಾರದ ಮೇಲ್ಮನವಿಗಳು ನಿಲ್ಲಲಿಲ್ಲ. ಶತ್ರುವಿಗೆ ಸಿಗದ ಮಂಡಿಯನ್ನು ವಕೀಲರು ಹಿಡಿದುಕೊಂಡಿದ್ದಾರೆ.

ಸರಿ, ಆ ಕಮಾಂಡೊ ಹಾಸಿಗೆ ಹಿಡಿದರೆ? ಶುಶ್ರೂಷೆಗೆ ಒಬ್ಬರು ಬೇಕಲ್ವಾ? ಅದಕ್ಕೂ ಒಂದು ಭತ್ಯೆ ಇದೆ, 'ಕಾನ್‌ಸ್ಟಂಟ್ ಅಟೆಂಡೆನ್ಸ್ ಅಲೊಯನ್ಸ್'. ಆದರೆ ಅಂಗವೈಕಲ್ಯ ನೂರಕ್ಕೆ ನೂರು ಇರಬೇಕು. 90 ಇದ್ದರೆ ಉಳಿದ 10ರಲ್ಲಿ ತಾವೇ ಮಗ್ಗುಲು ಬದಲಿಸಿಕೊಳ್ಳಬೇಕು. ಕಮಾಂಡೊ ತಾನೇ?

ಆ ಭತ್ಯೆ 2017ರಲ್ಲಿ ತಿಂಗಳಿಗೆ 6,750 ರೂಪಾಯಿ ಆಯಿತು. ಅಂದರೆ ದಿನಕ್ಕೆ 225. ಆಮೇಲೆ ತುಟ್ಟಿಭತ್ಯೆಯ ಮುಖ ನೋಡಿ ಒಂಚೂರು ಏರಿದೆ ಬಿಡಿ. ಹಗಲೂ ರಾತ್ರಿ 'ಕಾನ್‌ಸ್ಟಂಟ್' ಆಗಿ ನೋಡಿಕೊಳ್ಳುವ ನರ್ಸ್ ಈ ದುಡ್ಡಿಗೆ ಬೆಂಗಳೂರಿನಲ್ಲಿ ಸಿಗುತ್ತಾರಾ? ಬಂದರೂ, ಎರಡು ಮಸಾಲೆ ದೋಸೆ ತಿಂದು ಹೋಗುತ್ತಾರೆ.

ಹಾಗಾಗಿ ನರ್ಸ್ ಕೆಲಸ ಹೆಂಡತಿಗೇ ಬಿತ್ತು. ಬೆನ್ನಿಗೆ ಹುಣ್ಣಾಗಬಾರದು ಅಂತ ಎರಡು ಗಂಟೆಗೊಮ್ಮೆ ಅವರನ್ನು ಹೊರಳಿಸಬೇಕು. ರಾತ್ರಿ ಅಲಾರಂ ಇಟ್ಟು ಏಳಬೇಕು. ಆರಡಿ ಆಳು, ಸುಮ್ನೆ ಮಾತಲ್ಲ. ಈಗ ಆಕೆಯ ಸೊಂಟವೂ ಹಿಡಿದಿದೆ.

ಅದೂ ಸೇವೆಯಿಂದ ಬಂದದ್ದಲ್ಲವಂತೆ.