ನೋವು ಇಳಿದ ಮಾತ್ರಕ್ಕೆ ಓಡಬಾರದು

ಮೊದಲ 100 ಕಿಲೋಮೀಟರ್ ಓಟ ಮುಗಿಸಿದವರು ಕಾಲುನೋವು ಇಳಿದ ಕೂಡಲೇ ಮತ್ತೆ ಓಡಬಹುದು ಎಂದು ನಾನು ಓದಿದ ಲೇಖನವೊಂದರಲ್ಲಿದೆ. ಇದನ್ನು ನಾನು ಒಪ್ಪುವುದಿಲ್ಲ. ಸ್ನಾಯುಗಳ ನೋವು ಸಾಮಾನ್ಯವಾಗಿ ಎರಡು ಮೂರು ದಿನ ಏರಿ, ಆಮೇಲೆ ತಗ್ಗುತ್ತದೆ. ಆದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜುಗಳಿಗೆ ರಕ್ತ ಪೂರೈಕೆ ಕಡಿಮೆ; ಅವು ಬಹಳ ನಿಧಾನವಾಗಿ ಚೇತರಿಸಿಕೊಳ್ಳುತ್ತವೆ. ಹಾದಿಯಲ್ಲಿ ಇಳಿಜಾರು ಹೆಚ್ಚಿದ್ದರೆ ತೊಡೆಯ ಮುಂಭಾಗಕ್ಕೆ ಬಿದ್ದ ಪೆಟ್ಟೂ ಹೆಚ್ಚು.

ಲೇಖನ ಮುಟ್ಟದೇ ಬಿಟ್ಟ ಸಂಗತಿಯೊಂದು ನನ್ನನ್ನು ಕಾಡುತ್ತಿದೆ. ಓಟದ ನಂತರ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಅಥವಾ ತೀರಾ ಕಡಿಮೆಯಾದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಒಡೆದ ಸ್ನಾಯುಕೋಶಗಳಿಂದ ರಕ್ತಕ್ಕೆ ಸೇರುವ ಮಯೋಗ್ಲೋಬಿನ್ ಎಂಬ ಪ್ರೋಟೀನ್ ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲದು. ಅಂಥ ಹೊತ್ತಿನಲ್ಲಿ ಐಬುಪ್ರೊಫೇನ್‌ನಂತಹ ನೋವುನಿವಾರಕ ನುಂಗಿದರೆ ಅಪಾಯ ಇನ್ನೂ ಹೆಚ್ಚುತ್ತದೆ. ಹೊಸಬರಿಗೆ ಪದಕದ ಬಗ್ಗೆ ಹೇಳುವಷ್ಟು ಇದನ್ನು ಹೇಳುವುದಿಲ್ಲ ಎಂಬುದೇ ನನ್ನ ಸಂಕಟ. ಬಾಯಾರಿಕೆ ಮೀರಿ ನೀರು ಕುಡಿಯುವುದೂ ತಪ್ಪು, ರಕ್ತದ ಸೋಡಿಯಂ ಕುಸಿಯಬಹುದು.

ಮೊದಲ ವಾರಕ್ಕೆ ನಿದ್ದೆ, ಹೊಟ್ಟೆ ತುಂಬ ಊಟ, ಮೆಲುನಡಿಗೆ ಸಾಕು. ಗುರಿ ಮುಟ್ಟಿದ ಮೇಲೆ ಮನಸ್ಸು ಬರಿದಾದಂತೆ ಅನಿಸುವುದೂ ಉಂಟು. ಆ ಖಾಲಿತನವನ್ನು ತುಂಬಲೆಂದು ದಯವಿಟ್ಟು ಮುಂದಿನ ಓಟಕ್ಕೆ ಆತುರದಿಂದ ಹೆಸರು ನೋಂದಾಯಿಸಬೇಡಿ.