ಬಜ್ಜಿ ಅಲ್ಲ, ಬಡ್ಜಿ

ಸಿಡ್ನಿಯ ಅಕ್ಕನ ಮನೆಗೆ ಹೋದ ಮಾರನೇ ದಿನವೇ ಬಾಂಡಿ ಬೀಚಿಗೆ ಹೊರಟಿದ್ದೆವು. ಅಕ್ಕನ ಮಗ ಬಾಗಿಲಲ್ಲಿ ನಿಂತು, "ಮಾಮ, ಬಡ್ಜಿ ಸ್ಮಗ್ಲರ್ಸ್ ತಂದಿದೀರಾ?" ಎಂದು ಕೇಳಿದ. ನನಗೆ ಕೇಳಿಸಿದ್ದು ಬಜ್ಜಿ. ಹಿಂದಿನ ದಿನವಷ್ಟೇ ಏರ್‌ಪೋರ್ಟಿನಲ್ಲಿ ಕೋಡುಬಳೆ, ಚಟ್ನಿಪುಡಿ, ಅಮ್ಮ ಕಟ್ಟಿಕೊಟ್ಟ ಹುರಿಹಿಟ್ಟು ಎಲ್ಲವನ್ನೂ ಕಾರ್ಡಿನಲ್ಲಿ ಬರೆದು, ಬ್ಯಾಗು ಬಿಚ್ಚಿ, ಆಫೀಸರು ಕೋಡುಬಳೆಯೊಂದನ್ನು ಕಳ್ಳನ ಕೈಬಳೆ ಹಿಡಿದ ಹಾಗೆ ಹಿಡಿದು ನೋಡುವಾಗ ಬೆವರಿದ್ದೆ. "ಬಜ್ಜಿ ಎಲ್ಲಪ್ಪಾ ತರೋದು, ಬರೋಷ್ಟ್ರಲ್ಲಿ ಮೆತ್ತಗಾಗುತ್ತೆ. ತಂದಿದ್ದು ಕೋಡುಬಳೆ, ಅದನ್ನೂ ಸ್ಮಗಲ್ ಮಾಡಿಲ್ಲ, ಬರೆದುಕೊಟ್ಟೇ ತಂದಿದ್ದು" ಎಂದೆ. ಭಾವ ಕಾರಿನ ಕೀ ಹಿಡಿದುಕೊಂಡು ಗೋಡೆಗೆ ಒರಗಿ ನಕ್ಕರು. ಅಕ್ಕ ಒಳಗೆ ಹೋಗಿಬಿಟ್ಟಳು.

ವಿಷಯ ಇಷ್ಟೇ. ಗಂಡಸರು ಈಜುವಾಗ ಹಾಕುವ, ಮೈಗೆ ಅಂಟಿಕೊಂಡ ಪುಟಾಣಿ ಚಡ್ಡಿಗೆ ಆಸ್ಟ್ರೇಲಿಯಾದವರು ಇಟ್ಟ ಹೆಸರು ಬಡ್ಜಿ ಸ್ಮಗ್ಲರ್ಸ್. ಬಡ್ಜಿ ಅಂದರೆ ಬಡ್ಜರಿಗರ್, ಅಲ್ಲಿನ ಕಾಡುಗಿಣಿ. ನಾವು ಅಂಗಡಿಯಿಂದ ಜೋಡಿ ತಂದು ಪಂಜರದಲ್ಲಿಟ್ಟು ಲವ್ ಬರ್ಡ್ಸ್ ಅಂತೀವಲ್ಲ, ಸಾಮಾನ್ಯವಾಗಿ ಅದೇ ಹಕ್ಕಿ. ಈ ಚಡ್ಡಿ ಹಾಕಿದವನನ್ನು ಎದುರಿನಿಂದ ನೋಡಿದರೆ ಒಳಗೊಂದು ಹಕ್ಕಿಯನ್ನು ಬಚ್ಚಿಟ್ಟು ಸಾಗಿಸುತ್ತಿದ್ದಾನೇನೋ ಅನ್ನಿಸುತ್ತದಂತೆ. ಉಳಿದದ್ದು ನಿಮ್ಮ ಕಲ್ಪನೆಗೆ.

ನನಗೆ ತಮಾಷೆ ಅನ್ನಿಸಿದ್ದು ಹಕ್ಕಿಯ ಆಯ್ಕೆ. ಬಡ್ಜಿ ಬಾಲ ಸೇರಿಸಿದರೂ ಹೆಚ್ಚುಕಡಿಮೆ 18 ಸೆಂಟಿಮೀಟರ್, ತೂಕ 30-40 ಗ್ರಾಂ. ಆ ದೇಶದಲ್ಲಿ ಹಕ್ಕಿಗೇನು ಬರವೇ? ಜುಟ್ಟಿನ ದೊಡ್ಡ ಗಿಣಿ ಕಾಕಟೂ ಇದೆ, ಕೂಕಬುರ್ರ ಇದೆ, ಆಳೆತ್ತರದ ಎಮು ಇದೆ. ಕಾಕಟೂ ಅಂದಿದ್ದರೆ ಜಂಬ ಆಗುತ್ತಿತ್ತು. ಬಡ್ಜಿ ಅಂದಿದ್ದರಿಂದ ಹಾಕಿಕೊಂಡವನ ಮಾನ ಅರ್ಧ ಹೋಯಿತು, ಅದೂ ಒಂದೇ ಒಂದು ಕೆಟ್ಟ ಮಾತಿಲ್ಲದೆ. ಮಕ್ಕಳೆದುರು, ಅತ್ತೆಯೆದುರು ಹೇಳಬಹುದು. ಹಾಗಾಗಿಯೇ ಹನ್ನೆರಡರ ಹುಡುಗನ ಬಾಯಲ್ಲೂ ಅದು ಬರುತ್ತದೆ. ಸಿಡ್ನಿಯಲ್ಲಿ ಈಜುಡುಗೆಗೆ ಕಾಸಿ ಅಂತಾರೆ, ಮೆಲ್ಬರ್ನಿನಲ್ಲಿ ಬೇದರ್ಸ್, ಬ್ರಿಸ್ಬೇನ್ ಕಡೆ ಟಾಗ್ಸ್. ಅದಕ್ಕೆ ಊರೂರಿಗೆ ಜಗಳ. ಬಡ್ಜಿ ಸ್ಮಗ್ಲರ್ಸ್ ಅಂದರೆ ಮಾತ್ರ ಎಲ್ಲರಿಗೂ ಗೊತ್ತು.

ಈ ಚಡ್ಡಿಗೆ ಜಗತ್ತಿನಲ್ಲೆಲ್ಲ ಹೆಸರಾದ ಸ್ಪೀಡೊ ಕಂಪನಿ ಹುಟ್ಟಿದ್ದೂ ಸಿಡ್ನಿಯಲ್ಲೇ, 1914ರಲ್ಲಿ. ಹಕ್ಕಿಯ ಹೆಸರು ತೀರಾ ಈಚಿನದು, 1990ರ ದಶಕದ ಕೊನೆಯ ಹೊತ್ತಿಗೆ ಬರಹದಲ್ಲಿ ಕಾಣಿಸಿಕೊಂಡಿತು. 2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನವರೂ ಒಳಗೆ ಬಿಟ್ಟುಕೊಂಡರು. ಟೋನಿ ಅಬಾಟ್ ಎಂಬುವರು 2013ರಿಂದ 2015ರವರೆಗೆ ಆಸ್ಟ್ರೇಲಿಯಾದ ಪ್ರಧಾನಿಯಾಗಿದ್ದರಲ್ಲ, ಅವರು ಬೀಚಿನಲ್ಲಿ ಜೀವರಕ್ಷಕ ಸ್ವಯಂಸೇವಕರೂ ಹೌದು. ಕೆಂಪು ಚಡ್ಡಿಯಲ್ಲಿ ಅಲೆಯಿಂದ ಎದ್ದು ಬರುವ ಅವರ ಫೋಟೋಗಳು ಎಷ್ಟು ಪ್ರಸಿದ್ಧವೆಂದರೆ ವ್ಯಂಗ್ಯಚಿತ್ರಕಾರರು ಅವರಿಗೆ ಪ್ಯಾಂಟು ಬಿಡಿಸುವ ಶ್ರಮವನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ನಮ್ಮಲ್ಲಿ ಯಾವುದಾದರೂ ಮಂತ್ರಿ ಪಟಾಪಟಿ ಚಡ್ಡಿಯಲ್ಲಿ ಕೆರೆ ದಂಡೆ ಮೇಲೆ ನಿಂತಿದ್ದನ್ನು ಸುಮ್ನೆ ಊಹಿಸಿಕೊಳ್ಳಿ. ಬೇಡ ಬಿಡಿ.

ಎಲ್ಲ ಕಡೆಯೂ ನಗು ಸಿಗುವುದಿಲ್ಲ. 2016ರ ಅಕ್ಟೋಬರಿನಲ್ಲಿ ಮಲೇಷ್ಯಾದ ಸೆಪಾಂಗ್ ಕಾರ್ ರೇಸಿನಲ್ಲಿ ತಮ್ಮ ದೇಶದವನು ಗೆದ್ದ ಖುಷಿಗೆ ಒಂಬತ್ತು ಆಸ್ಟ್ರೇಲಿಯನ್ನರು ಬಟ್ಟೆ ಬಿಚ್ಚಿ ಇದೇ ಚಡ್ಡಿಯಲ್ಲಿ ನಿಂತರು. ಚಡ್ಡಿಯ ಮೇಲೆ ಮಲೇಷ್ಯಾದ ಬಾವುಟದ ಚಿತ್ರ! ಕೆಲವು ದಿನ ಪೊಲೀಸರ ಅತಿಥಿಗಳಾದರು. ಪತ್ರಿಕೆಗಳು ಅವರನ್ನು ಬಡ್ಜಿ ನೈನ್ ಎಂದು ಕರೆದವು.

ಇನ್ನು ಸ್ಮಗ್ಲರ್ ಅನ್ನುವ ಭಾಗ. ಕೋಡುಬಳೆಯನ್ನೇ ಬಿಡದ ದೇಶ ಹಕ್ಕಿಯನ್ನು ಬಿಡುತ್ತದೆಯೇ? 2009ರಲ್ಲಿ ದುಬೈನಿಂದ ಮೆಲ್ಬರ್ನಿಗೆ ಬಂದಿಳಿದ ಒಬ್ಬನ ಪ್ಯಾಂಟಿನೊಳಗೆ, ಬಿಗಿಯಾದ ಕಾಲುಚೀಲದಂಥ ಉಡುಪಿನಲ್ಲಿ, ಎರಡು ಜೀವಂತ ಪಾರಿವಾಳ ಸಿಕ್ಕಿದ್ದವು. ಅಂದರೆ ಆ ಪದ ಪೂರ್ತಿ ಕಲ್ಪನೆಯೂ ಅಲ್ಲ.

ಕನ್ನಡದಲ್ಲಿ ಇದಕ್ಕೇನನ್ನಬಹುದು ಎಂದು ಬೀಚಿನಲ್ಲಿ ಕೂತು ಯೋಚಿಸಿದೆ. ಗಿಣಿಗಳ್ಳ? ಏನೋ ಮಕ್ಕಳ ಕತೆಯ ಹೆಸರಿನ ಹಾಗಾಯಿತು. ಕೌಪೀನ ಅಂದರೆ ಕೂಡಲೇ ಸನ್ಯಾಸಿ ಬಂದು ನಿಲ್ಲುತ್ತಾರೆ, ಕಾಚ ಅಂದರೆ ಗರಡಿಮನೆಯ ಮಣ್ಣು. ಚಡ್ಡಿ ಅಂದರೆ ಮಾತ್ರ ನಗು ಬರುತ್ತದೆ. ಆದರೆ ನಾವು ಅದರಿಂದ ಮಾಡಿಕೊಂಡದ್ದು ಚಡ್ಡಿ ದೋಸ್ತ್, ಅಣಕ ಅಲ್ಲ, ಸ್ನೇಹ. ನಮ್ಮ ಊರಿನ ಬಾವಿಗೆ ಹಾರುತ್ತಿದ್ದುದು ಪಟಾಪಟಿಯಲ್ಲೇ. ಮೇಲಿನಿಂದ ಜಿಗಿದಾಗ ಅದರೊಳಗೆ ಗಾಳಿ ತುಂಬಿ ಪೂರಿಯಂತೆ ಉಬ್ಬುತ್ತಿತ್ತು, ನೀರಿನ ಮೇಲೆ ತಲೆಗಿಂತ ಮೊದಲು ಅದೇ ಏಳುತ್ತಿತ್ತು, ದಂಡೆಯ ಮೇಲಿದ್ದವರು ಕಲ್ಲು ಹೊಡೆದು ಗಾಳಿ ಬಿಡಿಸುತ್ತಿದ್ದರು. ಅದರಲ್ಲಿ ಬಡ್ಜಿ ಏನು, ಹುಂಜವನ್ನೇ ಸಾಗಿಸಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ನಮಗೆ ಆ ಪದ ಹುಟ್ಟಲಿಲ್ಲ ಅನ್ನಿಸುತ್ತದೆ.

ಅಂದಹಾಗೆ ಅವತ್ತು ನಾನು ಬಾಂಡಿಯ ಅಲೆಗಿಳಿದದ್ದು ಮೊಣಕಾಲು ಮುಚ್ಚುವ ಶಾರ್ಟ್ಸಿನಲ್ಲಿ. ಭಾವ ಬಡ್ಜಿ ಹಾಕಿದ್ದರು. ಅಕ್ಕ ನಮ್ಮಿಬ್ಬರಿಂದಲೂ ಹತ್ತು ಮಾರು ದೂರ ಚಾಪೆ ಹಾಸಿದ್ದಳು.

ಬೆಂಗಳೂರಿಗೆ ಬಂದ ಮೇಲೆ ಒಂದೇ ತೊಂದರೆ. ಎದುರು ಮನೆಯ ಬಾಲ್ಕನಿಯಲ್ಲಿ ಲವ್ ಬರ್ಡ್ಸ್ ಪಂಜರ ಇದೆ, ಅದರ ಪಕ್ಕದ ತಂತಿಯ ಮೇಲೆ ಯಜಮಾನರ ಚಡ್ಡಿ ಒಣಗುತ್ತಿರುತ್ತದೆ. ಮೊನ್ನೆ ಅತ್ತ ನೋಡಿ ನಗು ತಡೆಯಲಾಗದೆ ನಿಂತಿದ್ದೆ. ಅವರು ಒಳಗಿಂದ ಬಂದು, "ಏನ್ರೀ, ಹಕ್ಕಿ ಬೇಕಾ? ಮರಿ ಆಗಿವೆ, ಒಂದು ಜೊತೆ ತಗೊಂಡು ಹೋಗಿ" ಅಂದರು.