60 ಮಿ.ಮೀ. ಸರಿ, ಯಾವಾಗ ಬಿತ್ತು?

ಮಳೆ ಲೆಕ್ಕ ಕೇಳಿದರೆ ಸಿಗೋದು ಒಂದೇ ಅಂಕಿ: ದಿನಕ್ಕೆ 60 ಮಿ.ಮೀ. ಅದು ಯಾವಾಗ ಬಿತ್ತು, ನಡುವೆ ಎಷ್ಟು ಹೊತ್ತು ಮಳೆ ನಿಂತು ಹೊಳವಾಯಿತು, ಯಾರಿಗೂ ಬೇಡ! ದಿನವಿಡೀ ಜಿಟಿಜಿಟಿ ಹಿಡಿದರೆ ಗಂಟೆಗೆ ಬರೀ 2.5, ಒಣಗಿದ ಸಡಿಲ ಮಣ್ಣು ಸದ್ದಿಲ್ಲದೆ ಕುಡಿದುಬಿಡುತ್ತೆ. ಅದೇ 60, ಇಪ್ಪತ್ತಿಪ್ಪತ್ತು ನಿಮಿಷದ ಎರಡು ಹೊಡೆತದಲ್ಲಿ ಬಂದರೆ ಗಂಟೆಗೆ 90ರ ರಭಸ.

ಆ ಎರಡರ ನಡುವಿನ ಹೊಳವೇ ಅಸಲಿ ವಿಷಯ. ಅರ್ಧ ಗಂಟೆಯಾದರೆ ಮೇಲ್ಮಣ್ಣು ಇನ್ನೂ ತೊಯ್ದೇ ಇರುತ್ತೆ, ಚರಂಡಿಯೂ ಖಾಲಿಯಾಗಿರೋದಿಲ್ಲ, ಎರಡನೇ ಹೊಡೆತ ಬಹುಪಾಲು ಹರಿದೇ ಹೋಗುತ್ತೆ. ಹತ್ತು ಗಂಟೆ ಬಿಟ್ಟು ಬಂದರೆ ಕಥೆಯೇ ಬೇರೆ. ಚರಂಡಿ ವಿನ್ಯಾಸದ ಹಾಳೆಯ ಮಳೆ ನಕ್ಷೆಯಲ್ಲಿ ಮಾತ್ರ ಸದಾ ನಡುಮಧ್ಯೆ ಒಂದೇ ಶಿಖರದ ಚಂದದ ಗುಡ್ಡ. ಮಳೆಯ ಒಟ್ಟು ಅವಧಿಯ ಯಾವ ಕಾಲುಭಾಗದಲ್ಲಿ ಜೋರು ಅಂತ ನೋಡಿ ಮಳೆಗಳನ್ನು ನಾಲ್ಕು ಬಗೆ ಮಾಡಬಹುದು ಅಂತ ಅಮೆರಿಕದ ಮಳೆ ಸಂಶೋಧಕ ಹಫ್ 1967ರಲ್ಲೇ ತೋರಿಸಿದ್ದ, ಸ್ವಾಮಿ.

ಇನ್ನು ಒಂದು ಮಳೆ ಮುಗಿದು ಇನ್ನೊಂದು ಶುರುವಾಗೋದೆಲ್ಲಿ? ಇಷ್ಟು ಹೊತ್ತು ನಿಂತರೆ ಮುಂದಿನದು ಬೇರೆ ಮಳೆ ಅನ್ನೋ ಹೊಳವಿನ ಮಿತಿ 6 ಗಂಟೆ ಇಟ್ಟರೆ ಒಂದೇ ಮಳೆ, 1 ಗಂಟೆ ಇಟ್ಟರೆ ಅದೇ ನಾಲ್ಕಾಗಬಹುದು. ಯಾವುದು ಇಟ್ಟಿರಿ ಅಂತ ವರದಿಯಲ್ಲಿ ಬರೆಯೋಕೇನು ಧಾಡಿ? 0.2 ಮಿ.ಮೀ.ಗೊಮ್ಮೆ ಮಗುಚುವ ಬಟ್ಟಲಿನ ಮಾಪಕ ಪ್ರತಿ ಮಗುಚಿಗೂ ಸಮಯ ದಾಖಲಿಸಬಲ್ಲದು. ಅದನ್ನೆಲ್ಲ ಕೂಡಿ ದಿನದ ಒಂದಂಕಿ ಮಾಡಿ, ಮೂಲ ಕಡತ ಅಳಿಸಿ ಕೂತಿರ್ತಾರೆ.